ಮಾತ್ರೆ ಬಿಡಿ ಎನ್ನುವ ಮುನ್ನ

‘ಬಿಪಿ ಮಾತ್ರೆ ನುಂಗಿದರೆ ತೂಕಡಿಕೆ ಖಚಿತ; ಒಮಾನಿನಲ್ಲಿ ಗಾಡಿ ಓಡಿಸುವವರು ಅದನ್ನು ಬಿಡುವುದೇ ಲೇಸು’ ಎಂಬ ಕಳೆದ ಸಂಚಿಕೆಯ ಬರಹ ಅರ್ಧ ಸತ್ಯ, ಪೂರ್ತಿ ಅಪಾಯ.

ನಿದ್ದೆ ತರಿಸುವ ಬಿಪಿ ಮಾತ್ರೆಗಳಿವೆ, ನಿಜ. ಕ್ಲೋನಿಡಿನ್, ಮೀಥೈಲ್‌ಡೋಪಾ ಮಿದುಳಿನ ಮೇಲೇ ಕೆಲಸ ಮಾಡುತ್ತವೆ. ಸರ್ಪಗಂಧದಿಂದ ತೆಗೆದ ರಿಸರ್ಪಿನ್ ಕೂಡ ಹಾಗೆಯೇ. ಆದರೆ ಈಗ ಸಾಮಾನ್ಯವಾಗಿ ಬರೆದುಕೊಡುವ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್‌ಗಳಿಂದ ಅಂಥ ಮಂಪರು ಕಡಿಮೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದ್ದೇಕೆ?

ಲೇಖಕರು ಒಮಾನಿನ ಬಿಸಿಲನ್ನೇ ಮರೆತಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸಕ್ಕೆ ಅಲ್ಲಿ ಕಾನೂನಿನ ತಡೆಯಿದೆ. ಆ ಸೆಕೆಯಲ್ಲಿ ಬೆವರು ಸುರಿದು, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೂ ಸೇರಿದರೆ ಮೈಯ ನೀರು, ಸೋಡಿಯಂ ಇಳಿದು ತಲೆ ಸುತ್ತಬಹುದು, ಮಂಕು ಕವಿಯಬಹುದು. ಆಗ ವೈದ್ಯರ ಬಳಿ ಹೋಗಿ ಡೋಸ್ ತಿದ್ದಿಸಬೇಕು, ಮಾತ್ರೆ ಎಸೆಯಬಾರದು. ನೆಗಡಿಗೆಂದು ನುಂಗಿದ ಸೆಟಿರಿಜಿನ್ ಕೂಡ ತೂಕಡಿಕೆ ತರುತ್ತದೆ, ಅದನ್ನೂ ವೈದ್ಯರಿಗೆ ಹೇಳಿ.

ಕ್ಲೋನಿಡಿನ್ ದಿಢೀರನೆ ನಿಲ್ಲಿಸಿದರೆ ರಕ್ತದೊತ್ತಡ ಅಪಾಯಕರವಾಗಿ ಜಿಗಿಯಬಹುದು. ಮಸ್ಕತ್‌ನಿಂದ ಸಲಾಲಾಗೆ ಸುಮಾರು ಸಾವಿರ ಕಿಲೋಮೀಟರ್ ದಾರಿ. ಆ ದಾರಿಯ ಹೈಮಾ ಊರು ದಾಟಿದ ಮರುಭೂಮಿಯಲ್ಲಿ, ಮಾತ್ರೆ ಬಿಟ್ಟು ಸ್ಟೀರಿಂಗ್ ಹಿಡಿದವನಿಗೆ ಪಾರ್ಶ್ವವಾಯು ಬಡಿದರೆ ಹೊಣೆ ಯಾರು? ಪತ್ರಿಕೆ ತಕ್ಷಣ ತಿದ್ದುಪಡಿ ಹಾಕಲಿ.