ಗ್ರ್ಯೂಬಲ್ನ್‌ಗೆ ಕನ್ನಡದಲ್ಲಿ ಏನಂತೀರಿ?

ಜರ್ಮನ್ ಭಾಷೆಯಲ್ಲಿ 'ಗ್ರ್ಯೂಬಲ್ನ್' ಅಂತ ಒಂದು ಕ್ರಿಯಾಪದ ಇದೆ. ಜರ್ಮನ್-ಇಂಗ್ಲಿಷ್ ನಿಘಂಟು ತೆಗೆದರೆ ಪಾಂಡರ್, ಬ್ರೂಡ್, ರೂಮಿನೇಟ್ ಅಂತ ಅರ್ಥಗಳು ಸಾಲಾಗಿ ಸಿಗುತ್ತವೆ. ಕನ್ನಡದವರು ಅದರ ಪಕ್ಕದಲ್ಲಿ 'ಯೋಚಿಸು' ಅಂತ ಬರೆದುಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ನನ್ನ ತಕರಾರು ಇರೋದೇ ಇಲ್ಲಿ.

ಆ ಮೂರು ಇಂಗ್ಲಿಷ್ ಪದಗಳನ್ನೇ ನೋಡಿ. ಪಾಂಡರ್ ಬಂದಿದ್ದು ಲ್ಯಾಟಿನ್ನಿನ 'ತೂಗು' ಅನ್ನೋ ಪದದಿಂದ. ರೂಮಿನೇಟ್ ಅಂದರೆ ಮೂಲದಲ್ಲಿ ಹಸು ಮೆಲುಕು ಹಾಕೋದು. ಬ್ರೂಡ್ ಅಂದರೆ ಕೋಳಿ ಕಾವಿಗೆ ಕೂರೋದು. ಗ್ರ್ಯೂಬಲ್ನ್ ಇವರ ಪೈಕಿ ಅಲ್ಲವೇ ಅಲ್ಲ! ಅದು 'ಅಗೆ' ಅನ್ನೋ ಅರ್ಥದ ಗ್ರಾಬನ್, 'ಗುಂಡಿ' ಅನ್ನೋ ಅರ್ಥದ ಗ್ರೂಬ, ಇವುಗಳ ನೆಂಟ. ತೂಗಿದರೆ ಒಂದು ಲೆಕ್ಕ ಸಿಗುತ್ತೆ, ಕಾವು ಕೊಟ್ಟರೆ ಮರಿ ಆಗುತ್ತೆ. ಒಂದೇ ಕಡೆ ಅಗೀತಾ ಕೂತರೆ? ಗುಂಡಿ ಆಳ ಆಗುತ್ತೆ, ಅಗೆಯುವವನು ಅದರೊಳಗೇ ಇರ್ತಾನೆ. ಸುಮ್ಮನೆ ಕೂತು ವಿಚಾರ ಮಾಡೋದಕ್ಕೆ ಜರ್ಮನ್ನರ ಹತ್ತಿರ 'ನಾಖ್‌ಡೆಂಕನ್' ಅಂತ ಬೇರೆಯೇ ಪದ ಇದೆ.

ಇದೇನು ಬರೀ ಪದಗಳ ಜಗಳವಾ ಅನ್ನಬೇಡಿ. 1991ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಒಂದು ಮುಖ್ಯವಾದ ಮಾತು ಹೇಳಿದರು: ನನಗೆ ಯಾಕೆ ಹೀಗಾಯ್ತು, ಯಾಕೆ ಹೀಗಾಯ್ತು ಅಂತ ತನ್ನ ಬೇಸರವನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತಾ ಇದ್ದರೆ ಖಿನ್ನತೆ ಇನ್ನಷ್ಟು ದಿನ ಎಳೆಯುತ್ತೆ ಅಂತ. ಇಂಗ್ಲಿಷಿನಲ್ಲಿ ಇದಕ್ಕೆ ರೂಮಿನೇಶನ್ ಅಂತಾರೆ, ಜರ್ಮನ್ನಿನಲ್ಲಿ ಗ್ರ್ಯೂಬಲ್ನ್. ಈಗ ಇಂಗ್ಲಿಷ್ ಪದವನ್ನೇ ಹಿಡಿದು ಕನ್ನಡಕ್ಕೆ ತಂದರೆ 'ಮೆಲುಕು ಹಾಕುವುದು' ಅಂತಾಗುತ್ತೆ. ಆದರೆ ನಾವು ಮೆಲುಕು ಹಾಕೋದು ಸಿಹಿ ನೆನಪುಗಳನ್ನಲ್ವಾ? ರಾತ್ರಿಯಿಡೀ ನಿದ್ದೆ ಇಲ್ಲದೆ ಒದ್ದಾಡುವವರಿಗೆ 'ಮೆಲುಕು ಹಾಕೋದು ನಿಲ್ಲಿಸಿ' ಅಂದರೆ ಪಾಪ ಏನು ಅರ್ಥ ಆಗಬೇಕು? 'ಯೋಚನೆ ಮಾಡಬೇಡಿ' ಅನ್ನೋದೂ ಸಾಲದು. ಹಾಗಂದರೆ ಚಿಂತೆ ಬಿಡಿ ಅಂತಾಯ್ತೇ ಹೊರತು, ಮನಸ್ಸು ಅದೇ ಜಾಗಕ್ಕೆ ವಾಪಸ್ ಹೋಗುವ ಚಾಳಿ ಅದರಲ್ಲಿ ಕಾಣೋದಿಲ್ಲ.

ಇಂಗ್ಲಿಷನ್ನು ಸ್ವಲ್ಪ ಪಕ್ಕಕ್ಕಿಟ್ಟರೆ ನಮ್ಮಲ್ಲೇ 'ಕೆದಕು' ಇದೆ. ಗಾಯ ಕೆದಕ್ತೀವಿ, ಹಳೇ ವಿಷಯ ಕೆದಕ್ತೀವಿ. 'ಒಳಗೊಳಗೇ ಕೆದಕುತ್ತಾ ಕೂರು' ಅಂದರೆ ಗ್ರ್ಯೂಬಲ್ನ್‌ಗೆ ಇಂಗ್ಲಿಷಿನ ಆ ಮೂರಕ್ಕಿಂತಲೂ ಹತ್ತಿರ ಅಂತ ನನಗನಿಸುತ್ತೆ. 'ಕೊರೆ' ಅನ್ನೋದೂ ಇದೆ, ಆದರೆ ಅಲ್ಲಿ ವಿಷಯ ನಮ್ಮನ್ನು ಕೊರೆಯುತ್ತೆ. ಜರ್ಮನ್ನಿನಲ್ಲಿ ಅಗೆಯುವವರು ನಾವೇ.

ತಮಾಷೆ ನೋಡಿ, ಜರ್ಮನ್ನರಾದ ಕಿಟೆಲ್ ಅವರು ಕನ್ನಡ ಪದಗಳಿಗೆ ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿಗೆ ನಾವೆಲ್ಲ ಋಣಿಗಳೇ. ಹಾಗಂತ ಇವತ್ತಿಗೂ ಪ್ರತಿ ಹೊರಗಿನ ಪದ ಇಂಗ್ಲಿಷಿನ ಬಾಗಿಲಿನಿಂದಲೇ ಒಳಗೆ ಬರಬೇಕಾ? ಜರ್ಮನ್, ಜಪಾನಿ, ಫ್ರೆಂಚ್ ಬಲ್ಲ ಕನ್ನಡಿಗರು ನೇರವಾಗಿ ಕನ್ನಡದಲ್ಲೇ ಅರ್ಥ ಬರೆಯಲಿ. ಒಂದೇ ಪದ ಸಿಗದಿದ್ದರೆ ಒಂದು ವಾಕ್ಯವೇ ಆಗಲಿ, ನಷ್ಟವೇನಿಲ್ಲ.

'ಕೆದಕು' ನಿಮಗೆ ಒಪ್ಪಿಗೆಯಾ? ನಿಮ್ಮ ಊರ ಕಡೆ ಇದಕ್ಕಿಂತ ಒಳ್ಳೆ ಮಾತಿದ್ದರೆ ದಯವಿಟ್ಟು ತಿಳಿಸಿ.