ಹಿಮಪಾತ ಬೇರೆ, ಹಿಮಕುಸಿತ ಬೇರೆ

ನಮ್ಮ ಕಾಸರಗೋಡಿನಲ್ಲಿ ಹಿಮ ಬೀಳುವುದಿಲ್ಲ. ನಮ್ಮಂತೆಯೇ ಅನ್ಯಭಾಷೆಯ ನಡುವೆ ಕನ್ನಡವನ್ನು ಉಳಿಸಿಕೊಂಡಿರುವ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲೂ ಇಲ್ಲ. ಆದರೆ ಸೈನ್ಯಕ್ಕೆ ಸೇರಿ, ಚಾರಣಕ್ಕೆಂದು ಹೊರಟು, ನಮ್ಮ ಮನೆಗಳ ಮಕ್ಕಳೂ ಹಿಮಾಲಯ ಮುಟ್ಟುವ ಕಾಲವಿದು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ 10 ಮಂದಿ ಯೋಧರು ಹಿಮದಡಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ದಿನಗಳ ಬಳಿಕ ಜೀವಂತವಾಗಿ ಸಿಕ್ಕಿದರೂ ಫೆಬ್ರವರಿ 11ರಂದು ಅಸುನೀಗಿದರು. ಮಡಿದವರಲ್ಲಿ ಹಾಸನ, ಮೈಸೂರು ಜಿಲ್ಲೆಗಳವರೂ ಕೇರಳದ ಕೊಲ್ಲಂನವರೂ ಇದ್ದರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಬೆಂಗಳೂರಿನಿಂದ ಹೋಗಿದ್ದ ತಂಡದ 9 ಮಂದಿ ತೀರಿಕೊಂಡರು.

ಇಂಥ ದುರಂತಗಳಿಗೆಲ್ಲ 'ಹಿಮಪಾತ'ವೆಂಬ ಒಂದೇ ಶಬ್ದ ಬಳಸುವುದು ಕನ್ನಡ ಪತ್ರಿಕೆಗಳಿಗೆ ರೂಢಿಯಾಗಿದೆ. ಇದು ಸರಿಯಲ್ಲ. ಆಕಾಶದಿಂದ ಹಿಮ ಬೀಳುವುದು ಹಿಮಪಾತ. ಸಹಸ್ರತಾಲಿನಲ್ಲಿ ಜೀವ ತೆಗೆದದ್ದು ಹಿಮದ ಬಿರುಗಾಳಿ ಮತ್ತು ಚಳಿ. ಸಿಯಾಚಿನ್‌ನದು ಹಿಮಕುಸಿತ.

ಇಳಿಜಾರಿನಲ್ಲಿ ಹಿಮ ಪದರ ಪದರವಾಗಿ ಕೂರುತ್ತದೆ. ಒಳಗಿನ ಒಂದು ಪದರ ಸಡಿಲವಾಗಿದ್ದರೆ ಮೇಲಿನದೆಲ್ಲ ಹಲಗೆಯಂತೆ ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಹೆಚ್ಚು. ಹೊಸ ಹಿಮ ಬಿದ್ದಿದ್ದರೆ ಒಬ್ಬನ ಹೆಜ್ಜೆಯ ಭಾರವೂ ಸಾಕು. ಹೂತವನನ್ನು ಮೊದಲ ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಬದುಕುವ ಸಂಭವವಿದೆ. ಆಮೇಲೆ ಅದು ಬಲುಬೇಗ ಕುಗ್ಗುತ್ತದೆ. ಬಿರುಗಾಳಿಯ ಸೂಚನೆಯಿದ್ದರೆ ಹೊರಡದಿರುವುದೇ ವಿವೇಕ; ಕುಸಿಯುವ ಇಳಿಜಾರನ್ನಾದರೋ ಬಿಸಿಲಿದ್ದರೂ ಬಿಟ್ಟು ನಡೆಯಬೇಕು. ಹೆಸರು ತಪ್ಪಿದರೆ ಎಚ್ಚರವೂ ತಪ್ಪುತ್ತದೆ.

ಕೃಷ್ಣಾತೀರದ ಮಕ್ತಲ್, ಗದ್ವಾಲ ಕಡೆಯವರಿಗೆ ಮಳೆ ಬೇರೆ, ನೆರೆ ಬೇರೆ ಎಂದು ಹೇಳಿಕೊಡಬೇಕಾಗಿಲ್ಲ. ಊರಮೇಲೆ ಮೋಡವಿಲ್ಲದಿದ್ದರೂ ಮೇಲಿನ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆಂದು ಅವರು ಬಲ್ಲರು. ಹಿಮಕುಸಿತವೂ ಹಾಗೆಯೇ, ಆಕಾಶ ತಿಳಿಯಾದ ದಿನವೇ ಬರಬಹುದು.

ಚಂಡೀಗಢದ ರಕ್ಷಣಾ ಸಂಶೋಧನಾ ಕೇಂದ್ರವು ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ. ಅದನ್ನು ಕೇಳಿ ತಿಳಿಯದೆ ಮಕ್ಕಳನ್ನು ಹಿಮದ ಹಾದಿಗೆ ಕಳುಹಿಸಬಾರದು. ಕನ್ನಡ ಮಾಧ್ಯಮದ ಭೂಗೋಳ ಪಾಠದಲ್ಲಿ ಈ ಮೂರು ಅಪಾಯಗಳನ್ನು ಬೇರೆಬೇರೆಯಾಗಿ ತಿಳಿಸಲು ಒಂದು ಪಿರಿಯಡ್ ಸಾಕು. ಅಧ್ಯಾಪಕರು ಅಷ್ಟನ್ನು ಮಾಡಲಿ. ಪತ್ರಿಕೆಗಳು ಸರಿಯಾದ ಶಬ್ದ ಬರೆಯಲಿ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆನ್ನುವ ನಾವು, ಅದು ಜೀವ ಉಳಿಸುವ ತಿಳಿವಳಿಕೆಯ ಭಾಷೆಯೂ ಆಗುವಂತೆ ನೋಡಿಕೊಳ್ಳಬೇಡವೇ?