ಮಕ್ಕಳ ಪುಸ್ತಕದಲ್ಲಿ ಜಾಗ: ಯಾರ ಷರತ್ತಿನ ಮೇಲೆ?

2023ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಮಕ್ಕಳ ಪುಸ್ತಕಲೋಕದಲ್ಲಿ ನಡೆದ ಒಂದು ಪ್ರಸಂಗ, ಭಾಷಾ ಅಲ್ಪಸಂಖ್ಯಾತರಾದ ನಾವೂ ಗಮನಿಸಬೇಕಾದಂಥದು. ಜಪಾನಿ ಮೂಲದ ಅಮೆರಿಕನ್ ಲೇಖಕಿ ಮ್ಯಾಗಿ ಟೊಕುಡಾ-ಹಾಲ್ ಅವರ 'ಲವ್ ಇನ್ ದ ಲೈಬ್ರರಿ' ಎಂಬ ಚಿತ್ರಪುಸ್ತಕ ಹಿಂದಿನ ವರ್ಷ ಪ್ರಕಟವಾಗಿತ್ತು. ಶಾಲೆಗಳಿಗೆ ಪುಸ್ತಕ ಪೂರೈಸುವ ಬೃಹತ್ ಪ್ರಕಾಶನ ಸಂಸ್ಥೆ ಸ್ಕೊಲಾಸ್ಟಿಕ್, ಏಷ್ಯನ್ ಮೂಲದವರ ಕಥೆಗಳ ತನ್ನ ಸಂಗ್ರಹವೊಂದಕ್ಕೆ ಅದನ್ನು ಸೇರಿಸಿಕೊಳ್ಳಲು ಮುಂದಾಯಿತು. ಆದರೆ ಅದಕ್ಕೊಂದು ಷರತ್ತಿತ್ತು. ಲೇಖಕಿಯ ಟಿಪ್ಪಣಿಯಲ್ಲಿ, ಕಥೆಯ ಹಿಂದಿನ ಅನ್ಯಾಯವನ್ನು ಇಂದಿಗೂ ಉಳಿದಿರುವ ಜನಾಂಗೀಯ ತಾರತಮ್ಯದೊಂದಿಗೆ ಜೋಡಿಸುವ ಮಾತುಗಳನ್ನು ತೆಗೆಯಬೇಕಿತ್ತು. ಲೇಖಕಿ ಒಪ್ಪದೆ ವಿಷಯವನ್ನು ಸಾರ್ವಜನಿಕರ ಮುಂದಿಟ್ಟರು. ಸಂಸ್ಥೆ ಕ್ಷಮೆ ಕೇಳಿತು.

ಆ ಅನ್ಯಾಯ ಯಾವುದು? 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಫಲವಾಗಿ ಜಪಾನಿ ಮೂಲದ ಸುಮಾರು 1,20,000 ಮಂದಿಯನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು. ಮಿನಿಡೋಕಾ ಶಿಬಿರದ ಗ್ರಂಥಾಲಯದಲ್ಲಿ ಪರಸ್ಪರ ಪರಿಚಯವಾಗಿ ಮದುವೆಯಾದ ಲೇಖಕಿಯ ಅಜ್ಜ-ಅಜ್ಜಿಯರ ಕಥೆಯೇ ಈ ಪುಸ್ತಕ. ಬಂಧನಕ್ಕೆ ಜನಾಂಗೀಯ ಪೂರ್ವಗ್ರಹವೂ ಕಾರಣವೆಂದು 1988ರಲ್ಲಿ ಅಲ್ಲಿನ ಸರಕಾರವೇ ಕಾನೂನಿನ ಮೂಲಕ ಒಪ್ಪಿಕೊಂಡು, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ನೀಡಿತು. ಹಾಗಿದ್ದರೂ ಮಕ್ಕಳ ಮುಂದೆ ಪ್ರೀತಿಯ ಕಥೆ ಇರಲಿ, ಅದರ ಸುತ್ತಲಿನ ಮುಳ್ಳುತಂತಿಯ ಮಾತು ಮೆದುವಾಗಲಿ ಎಂಬುದು ಪ್ರಕಾಶಕರ ಅಪೇಕ್ಷೆಯಾಗಿತ್ತು.

ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬವರು ಅಮೆರಿಕದಲ್ಲಿ ಮೂರು ವರ್ಷಗಳಲ್ಲಿ ಬಂದ 5,206 ಮಕ್ಕಳ ಪುಸ್ತಕಗಳನ್ನು ಲೆಕ್ಕಹಾಕಿದಾಗ, ಕಪ್ಪು ಜನರು ಕಾಣಿಸಿಕೊಂಡದ್ದು ಶೇ. 6.7ರಷ್ಟರಲ್ಲಿ ಮಾತ್ರ. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಿಂದ ಇಂತಹ ಲೆಕ್ಕವನ್ನು ಇಡುತ್ತ ಬಂದಿದೆ. ಅದರ 2018ರ ಲೆಕ್ಕದಲ್ಲಿ ಬಿಳಿಯ ಪಾತ್ರಗಳ ಪುಸ್ತಕಗಳು ಶೇ. 50, ಪ್ರಾಣಿ ಮತ್ತಿತರ ಪಾತ್ರಗಳವು ಶೇ. 27, ಏಷ್ಯಾ-ಪೆಸಿಫಿಕ್ ಮೂಲದವರವು ಶೇ. 7. ಚೀನಾ, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್, ಭಾರತ ಎಲ್ಲವೂ ಆ ಏಳರೊಳಗೇ ಹಂಚಿಕೊಳ್ಳಬೇಕು. ಪುಸ್ತಕವು ಮಗುವಿಗೆ ತನ್ನನ್ನು ತೋರುವ ಕನ್ನಡಿಯೂ ಅನ್ಯರನ್ನು ತೋರುವ ಕಿಟಕಿಯೂ ಆಗಬೇಕೆಂದು ವಿದುಷಿ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪ್ರತಿಪಾದಿಸಿದ್ದರ ಹಿನ್ನೆಲೆ ಇದೇ.

ಆದರೆ ಕನ್ನಡಿ ಇದ್ದರೆ ಸಾಲದು, ಅದು ಡೊಂಕಾಗಿರಲೂಬಾರದು. 1938ರ 'ದ ಫೈವ್ ಚೈನೀಸ್ ಬ್ರದರ್ಸ್' ಪುಸ್ತಕದಲ್ಲಿ ಚೀನಿಯರೆಲ್ಲರಿಗೂ ಒಂದೇ ಮುಖವೆಂಬ ಆಕ್ಷೇಪ ಹಳೆಯದು. ಚೀನೀ ವ್ಯಕ್ತಿಯ ಅಪಹಾಸ್ಯದ ಚಿತ್ರವಿದ್ದ ಡಾ. ಸ್ಯೂಸ್ ಅವರ 1937ರ ಪುಸ್ತಕವೂ ಸೇರಿದಂತೆ ಆರು ಕೃತಿಗಳ ಮುದ್ರಣವನ್ನು ಅವರ ಉತ್ತರಾಧಿಕಾರಿ ಸಂಸ್ಥೆ 2021ರಲ್ಲಿ ನಿಲ್ಲಿಸಿತು. ಏಷ್ಯನ್ ಮೂಲದವರೇ ಬರೆಯತೊಡಗಿದ ಮೇಲೆ ಚಿತ್ರ ಬದಲಾಯಿತೆಂಬುದೂ ಸತ್ಯ. ಕೊರಿಯನ್ ಮೂಲದ ಲಿಂಡಾ ಸೂ ಪಾರ್ಕ್ 2002ರಲ್ಲಿ, ಟೇ ಕೆಲ್ಲರ್ 2021ರಲ್ಲಿ ಪ್ರತಿಷ್ಠಿತ ನ್ಯೂಬೆರಿ ಪದಕ ಪಡೆದರು. ಪ್ರವೇಶ ದೊರೆತ ಮೇಲೂ ಯಾವ ಮಾತನ್ನು ಹೊರಗಿಟ್ಟು ಒಳಗೆ ಬರಬೇಕೆಂಬ ಪ್ರಶ್ನೆ ಉಳಿಯುತ್ತದೆ ಎಂಬುದನ್ನು 2023ರ ಪ್ರಸಂಗ ತೋರಿಸಿತು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ನಮ್ಮ ಮಕ್ಕಳ ಕೈಗೆ ಎರಡು ಬಗೆಯ ಪುಸ್ತಕಗಳು ಬರುತ್ತವೆ. ಒಂದು, ಮಲಯಾಳದಲ್ಲಿ ಯೋಚಿಸಿ ಕನ್ನಡಕ್ಕೆ ತಂದ ವಿಷಯ ಪಾಠಗಳು. ಇನ್ನೊಂದು, ಬೆಂಗಳೂರಿನಿಂದ ಬರುವ ಕಥೆಪುಸ್ತಕಗಳು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಆಡುವ ಮಗು ಎರಡರಲ್ಲೂ ಅಪರೂಪ. ಗಡಿನಾಡು ಪುಸ್ತಕದೊಳಗೆ ಬರುವುದು ಸಮಸ್ಯೆಯಾಗಿ, ಇಲ್ಲವೇ ನವೆಂಬರ್ ತಿಂಗಳ ಅಭಿಮಾನವಾಗಿ. ಈ ದೂರನ್ನು ನಾವು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇವೆ; ಅದು ನ್ಯಾಯವೂ ಹೌದು.

ಆದರೆ ಇದೇ ಅಳತೆಗೋಲನ್ನು ನಮ್ಮತ್ತಲೂ ತಿರುಗಿಸಬೇಕು. ಊರಿನ ಹಿರಿಮೆಯನ್ನು ಮಕ್ಕಳಿಗೆ ಹೇಳುವಾಗ ನಾವು ಮಂಜೇಶ್ವರ ಗೋವಿಂದ ಪೈಗಳನ್ನೂ ಕಯ್ಯಾರ ಕಿಞ್ಞಣ್ಣ ರೈಗಳನ್ನೂ ನೆನೆಯುತ್ತೇವೆ. ನಮ್ಮದೇ ಬೆಂಚಿನಲ್ಲಿ ಕುಳಿತ ಕೊರಗ ಸಮುದಾಯದ ಮಗು ಆ ಪುಟಗಳಲ್ಲಿ ಎಲ್ಲಿದೆ? ಇದ್ದರೆ, ಬುಟ್ಟಿ ಹೆಣೆಯುವ ಅಜ್ಜಿಯ ಅಂದದ ಚಿತ್ರವಾಗಿ ಇದ್ದೀತು. ಆ ಸಮುದಾಯವನ್ನು ಅಮಾನುಷವಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ನೇ ಇಸವಿಯ ಕಾಯಿದೆಯಿಂದ ನಿಷೇಧಿಸಿತು. ಅಜ್ಜಿ ಕಂಡ ಅಜಲಿನ ಬಗ್ಗೆ ಆ ಮಗು ಒಂದು ವಾಕ್ಯ ಬರೆದರೆ ಶಾಲಾ ಸಂಚಿಕೆಯಲ್ಲಿ ಅದನ್ನು ಉಳಿಸುತ್ತೇವೆಯೇ? "ಮಕ್ಕಳಿಗೆ ಇದೆಲ್ಲ ಯಾಕೆ, ಬುಟ್ಟಿಯ ಕಥೆ ಸಾಕು" ಎಂದು ಕೆಂಪು ಶಾಯಿ ಎಳೆಯುವವರು ನಾವೇ ಆಗಿರಬಹುದು. ಆಗ ನಮಗೂ ಆ ಪ್ರಕಾಶಕರಿಗೂ ಏನು ವ್ಯತ್ಯಾಸ?

ಇದಕ್ಕೆ ಸರಕಾರದ ಆದೇಶ ಕಾಯಬೇಕಾಗಿಲ್ಲ. ಈ ಶೈಕ್ಷಣಿಕ ವರ್ಷದಲ್ಲೇ ಪ್ರತಿ ಶಾಲೆಯ ಗ್ರಂಥಾಲಯದ ಕಪಾಟಿನ ಲೆಕ್ಕವನ್ನು ಮಕ್ಕಳಿಂದಲೇ ತೆಗೆಸೋಣ: ಎಷ್ಟು ಪುಸ್ತಕಗಳಲ್ಲಿ ನಮ್ಮಂಥವರಿದ್ದಾರೆ, ಅವುಗಳನ್ನು ಬರೆದವರು ಯಾರು? ಮನೆಯ ಹಿರಿಯರಿಂದ ಕೇಳಿದ ಕಥೆಯನ್ನು ಮಕ್ಕಳು ಬರೆದು ತರಲಿ. ತುಳುವಿನ, ಮರಾಟಿಯ, ಬ್ಯಾರಿ ಭಾಷೆಯ ಮಾತುಗಳು ಹಾಗೆಯೇ ಇರಲಿ. ಕಾಗುಣಿತ ತಿದ್ದುವುದು ಅಧ್ಯಾಪಕರ ಕರ್ತವ್ಯ. ನೋವನ್ನು ತಿದ್ದುವ ಅಧಿಕಾರ ನಮಗಿಲ್ಲ. ಬಹುಸಂಖ್ಯಾತರಿಂದ ನಾವು ಬಯಸುವ ನ್ಯಾಯವನ್ನು ನಮಗಿಂತ ಸಣ್ಣ ಸಮುದಾಯಕ್ಕೆ ನಾವು ಕೊಡದಿದ್ದರೆ, ನಮ್ಮ ಬೇಡಿಕೆಗೆ ಬಲ ಬರುವುದಾದರೂ ಎಲ್ಲಿಂದ?